192ರ ಭ್ರಮೆ

ಲ್ಯಾಪ್‌ಟಾಪಿಗೆ ಮೈಕು ಸಿಕ್ಕಿಸಿ ಕಥೆ ಓದುವವರು, ಭಾವಗೀತೆ ಹಾಡುವವರು, ಪಾಡ್‌ಕಾಸ್ಟ್ ಮಾಡುವವರು ಈಗ ಕನ್ನಡದಲ್ಲೂ ಬೇಕಾದಷ್ಟಿದ್ದಾರೆ. ಅವರ ನಡುವೆ ಒಂದು ಸಲಹೆ ಬಾಯಿಂದ ಬಾಯಿಗೆ ಹರಿದಾಡುತ್ತಿದೆ: ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಸ್ಯಾಂಪಲ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಸಲ ಧ್ವನಿಯನ್ನು ಅಳೆಯಬೇಕೆಂಬ ದರವನ್ನು, 192 ಕಿಲೋಹರ್ಟ್ಸ್‌ಗೆ ಏರಿಸಿಬಿಡಿ, ಧ್ವನಿ ಸ್ಟುಡಿಯೋದಲ್ಲಿ ಮಾಡಿದ ಹಾಗೆ ಬರುತ್ತದೆ. ಬರುವುದಿಲ್ಲ. ಒಳ್ಳೆಯ ಕಂಠ ಇರುವವರು, ಶ್ರದ್ಧೆಯಿಂದ ಕೆಲಸ ಮಾಡುವವರು ಈ ಅಂಕಿಯ ಹಿಂದೆ ಬಿದ್ದು, ಧ್ವನಿ ನಿಜವಾಗಿ ಎಲ್ಲಿ ಕೆಡುತ್ತಿದೆ ಎಂದು ನೋಡುವುದನ್ನೇ ಬಿಡುವುದು ಕಂಡರೆ ತಾಳ್ಮೆ ತಪ್ಪುತ್ತದೆ.

ನಂಬಿಕೆ ಹುಟ್ಟುವುದು ಕಂಪ್ಯೂಟರ್ ಪರದೆಯಲ್ಲಿ. ಅಲೆಯನ್ನು ದೊಡ್ಡದು ಮಾಡಿ ನೋಡಿದರೆ ಒಂದೊಂದು ಅಳತೆಗೂ ಒಂದೊಂದು ಚುಕ್ಕೆ ಕಾಣುತ್ತದೆ. ಎರಡು ಚುಕ್ಕೆಗಳ ನಡುವೆ ಧ್ವನಿ ಕಳೆದುಹೋಗಿದೆ, ಚುಕ್ಕೆ ಹೆಚ್ಚಿದಷ್ಟೂ ಆ ಸಂದು ತುಂಬುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ಎಂಜಿನಿಯರ್ ಹ್ಯಾರಿ ನೈಕ್ವಿಸ್ಟ್ 1928ರಲ್ಲಿ ಟೆಲಿಗ್ರಾಫ್ ಬಗ್ಗೆ ಬರೆಯುತ್ತಾ ಹಾಕಿದ ತಳಪಾಯದ ಮೇಲೆ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ಇದಕ್ಕೆ ತದ್ವಿರುದ್ಧವಾದದ್ದನ್ನು ಗಣಿತದಲ್ಲಿ ನಿಲ್ಲಿಸಿ ತೋರಿಸಿದರು: ಧ್ವನಿಯಲ್ಲಿರುವ ಅತಿ ಹೆಚ್ಚಿನ ಕಂಪನಾಂಕದ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆದರೆ ಮೂಲ ಅಲೆಯನ್ನು ಮತ್ತೆ ಕಟ್ಟಬಹುದು. ಸುಮಾರಾಗಿ ಅಲ್ಲ, ಪೂರ್ತಿಯಾಗಿ. ಚುಕ್ಕೆಗಳ ನಡುವೆ ಏನೂ ಕಳೆದಿರುವುದಿಲ್ಲ.

ಮನುಷ್ಯನ ಕಿವಿಯ ಮೇಲಿನ ಮಿತಿ ಸುಮಾರು 20 ಕಿಲೋಹರ್ಟ್ಸ್, ಅದೂ ಎಳೆಯ ವಯಸ್ಸಿನಲ್ಲಿ. ಆ ಲೆಕ್ಕದಲ್ಲೇ 1982ರಲ್ಲಿ ಮಾರುಕಟ್ಟೆಗೆ ಬಂದ ಸಿಡಿಗೆ 44.1 ಎಂಬ ದರ ಸಾಕಾಯಿತು. 192ರಲ್ಲಿ ಅಳೆದರೆ 96 ಕಿಲೋಹರ್ಟ್ಸ್‌ವರೆಗಿನ ಶಬ್ದ ದಾಖಲಾಗುತ್ತದೆ. ಕೀಟ ತಿನ್ನುವ ಬಾವಲಿಗಳ ಕೂಗನ್ನು ಅಧ್ಯಯನ ಮಾಡುವವರಿಗೆ ಅದು ಬೇಕು, ಅವರು ಇನ್ನೂ ಹೆಚ್ಚಿನ ದರವನ್ನೂ ಬಳಸುತ್ತಾರೆ. ಕಥೆ ಓದುವವರಿಗೆ ಅಲ್ಲಿ ಸಿಗುವಂಥದ್ದೇನೂ ಇಲ್ಲ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ಪರೀಕ್ಷೆಯ ಫಲ ಪ್ರಕಟಿಸಿದರು. ಹೈ ರೆಸಲ್ಯೂಷನ್ ಸಂಗೀತವನ್ನು ನೇರವಾಗಿ ಒಮ್ಮೆ, ಸಿಡಿ ಮಟ್ಟಕ್ಕೆ ಇಳಿಸಿ ಒಮ್ಮೆ ಕೇಳಿಸಿದಾಗ, ಯಾವುದು ಯಾವುದೆಂದು ಹೇಳದೆ ಇದ್ದರೆ, ಸಾಮಾನ್ಯ ಗಟ್ಟಿತನದಲ್ಲಿ ಕೇಳುಗರಿಗೆ ವ್ಯತ್ಯಾಸ ತಿಳಿಯಲಿಲ್ಲ. ಅವರಲ್ಲಿ ಪಳಗಿದ ಕಿವಿಯವರೂ ಇದ್ದರು.

ಇನ್ನೊಂದು ಮಾತು. ಸಾಫ್ಟ್‌ವೇರಿನಲ್ಲಿ 192 ಎಂದು ಆರಿಸಿದ ಮಾತ್ರಕ್ಕೆ ಮೈಕು ಆ ದರದಲ್ಲಿ ಅಳೆಯುತ್ತದೆ ಎಂದೇನಿಲ್ಲ. ಎಷ್ಟೋ ಯುಎಸ್‌ಬಿ ಮೈಕುಗಳು 48ರಲ್ಲೇ ಕೆಲಸ ಮಾಡುತ್ತವೆ. ಉಳಿದದ್ದನ್ನು ಕಂಪ್ಯೂಟರ್ ಲೆಕ್ಕ ಹಾಕಿ ಸೇರಿಸುತ್ತದೆ, ಅಷ್ಟೆ. ಖಚಿತವಾಗಿ ಹೆಚ್ಚುವುದು ಫೈಲಿನ ಗಾತ್ರ: ಸಿಡಿ ಮಟ್ಟದ ಸ್ಟೀರಿಯೋ ನಿಮಿಷಕ್ಕೆ ಸುಮಾರು 10.6 ಎಂಬಿ, ಒಂದೊಂದು ಅಳತೆಯನ್ನೂ 24 ಬಿಟ್ಟಿನಲ್ಲಿ ಬರೆದಿಡುವ 192 ಆದರೆ ಸುಮಾರು 69 ಎಂಬಿ.

ಹಾಗಾದರೆ ಧ್ವನಿ ಕೆಡುವುದೆಲ್ಲಿ? ಬಾಯಿಗೂ ಮೈಕಿಗೂ ನಡುವಿನ ಜಾಗದಲ್ಲಿ. ಆ ದೂರ ಎರಡು ಪಟ್ಟಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬಲ್ ಇಳಿಯುತ್ತದೆ. ಒಂದು ಗೇಣು ದೂರ ಇದ್ದದ್ದು ನಾಲ್ಕು ಗೇಣಾದರೆ 12. ಗೋಡೆ, ನೆಲ, ತಾರಸಿಗೆ ಬಡಿದು ಬರುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಬಾವಿಯೊಳಗಿಂದ ಮಾತಾಡಿದಂತೆ ಕೇಳಿಸುವುದು ಇದರಿಂದ. ನಮ್ಮ ಮನೆಗಳಲ್ಲಿ ಟೈಲ್ಸ್ ಅಥವಾ ಗ್ರಾನೈಟ್ ನೆಲ, ಬರಿಗೋಡೆ, ಮೇಲೆ ಕಾಂಕ್ರೀಟು. ಸದ್ದನ್ನು ಹೀರಿಕೊಳ್ಳುವಂಥದ್ದು ಏನೂ ಇರುವುದಿಲ್ಲ. ಹಾಸಿಗೆ, ಪರದೆ, ಬಟ್ಟೆ ತುಂಬಿದ ಬೀರು ಇರುವ ಕೋಣೆಯಲ್ಲಿ ಕೂತು, ಮೈಕನ್ನು ಒಂದು ಗೇಣಿನಷ್ಟು ಹತ್ತಿರ, ಉಸಿರು ನೇರ ಬಡಿಯದಂತೆ ತುಸು ಓರೆಗೆ ಇಟ್ಟುಕೊಂಡರೆ, ಅಗ್ಗದ ಮೈಕೂ ಚೆನ್ನಾಗಿ ಕೇಳಿಸುತ್ತದೆ. ಲ್ಯಾಪ್‌ಟಾಪಿನ ಒಳಗೇ ಇರುವ ಮೈಕು ಹಿಂದೆ ಬೀಳುವುದು ಮುಖ್ಯವಾಗಿ ಅದು ಬಾಯಿಂದ ದೂರ, ಫ್ಯಾನಿನ ಪಕ್ಕ ಇರುವುದರಿಂದ.

ಉಳಿದ ನಂಬಿಕೆಗಳಿಗೆ ಇಷ್ಟು ಮಾತು ಬೇಡ. ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇ ಬೀದಿಯ ಸದ್ದನ್ನು ತಡೆಯುವುದಿಲ್ಲ. ಬ್ಲೂಟೂತ್ ಹೆಡ್‌ಸೆಟ್ಟಿನ ಮೈಕು ಬಹುಪಾಲು 8 ಅಥವಾ 16 ಕಿಲೋಹರ್ಟ್ಸ್‌ಗೇ ಇಳಿಯುತ್ತದೆ, ಮುಂದೆ ಏನು ಏರಿಸಿದರೂ ಹೋದದ್ದು ಬಾರದು. 48 ವೋಲ್ಟ್ ಬೇಡುವ ಸ್ಟುಡಿಯೋ ಮೈಕನ್ನು ಇಯರ್‌ಫೋನ್ ತೂತಿಗೆ ಸಿಕ್ಕಿಸಿದರೆ ಅದಕ್ಕೆ ಬೇಕಾದ ವಿದ್ಯುತ್ ಸಿಗುವುದಿಲ್ಲ. ಗುಂಯ್ ಎನ್ನುವ ಸದ್ದು ಬಂದರೆ ಮೈಕನ್ನು ಬಯ್ಯುವ ಮೊದಲು ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಅದು ಅರ್ಥಿಂಗ್ ಸರಿಯಿಲ್ಲದ ಕರೆಂಟಿನ ಕಿತಾಪತಿ. ಆಮೇಲೆ ಸಾಫ್ಟ್‌ವೇರ್ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವುದೂ ಸುಳ್ಳು. ಫ್ಯಾನಿನ ಒಂದೇ ಸಮನೆಯ ಸದ್ದನ್ನು ಅದು ತಗ್ಗಿಸೀತು. ಮಾರ್ದನಿ ಎಂದರೆ ನಿಮ್ಮದೇ ಧ್ವನಿ, ಅದನ್ನು ಕೀಳಹೊರಟರೆ ಮಹಾಪ್ರಾಣ, ಸಕಾರ, ಶಕಾರಗಳ ಅಂಚೂ ಸವೆಯುತ್ತದೆ.

ಇದು ಮೈಕಿನವರಿಗಷ್ಟೇ ತಗುಲಿದ ರೋಗವೂ ಅಲ್ಲ. ತೊಂಬತ್ತರ ದಶಕದಲ್ಲಿ ಟೇಪ್‌ರೆಕಾರ್ಡರುಗಳ ಮೈಮೇಲೆ ಪಿಎಂಪಿಒ ಎಂದು ನೂರಾರು, ಸಾವಿರಾರು ವ್ಯಾಟ್ ಅಚ್ಚಾಗಿರುತ್ತಿತ್ತು. ಆ ಅಳತೆಗೆ ಎಲ್ಲರೂ ಒಪ್ಪಿದ ಒಂದು ವ್ಯಾಖ್ಯೆಯೇ ಇರಲಿಲ್ಲ. ಆ ಪೆಟ್ಟಿಗೆಗಳು ಸತತವಾಗಿ ಹೊರಡಿಸಬಲ್ಲ ಶಕ್ತಿ ಅದರ ಒಂದು ಸಣ್ಣ ಪಾಲು. ಆಮೇಲೆ ಕ್ಯಾಮೆರಾದ ಮೆಗಾಪಿಕ್ಸೆಲ್ ಬಂತು, ಈಗ ಇದು. ಯಾವ ಅಳತೆ, ಯಾರು ಅಳೆದದ್ದು, ನನ್ನ ಕೆಲಸಕ್ಕೆ ಬೇಕೇ ಎಂದು ಕೇಳದೆ ದೊಡ್ಡ ಅಂಕಿಗೆ ತಲೆಬಾಗುತ್ತೇವೆ. ಮಾರುವವರಿಗೆ ಇದು ಚೆನ್ನಾಗಿ ಗೊತ್ತು.

ದರ 48 ಇರಲಿ. 24 ಬಿಟ್ ಇಡುವುದರಲ್ಲಿ ಮಾತ್ರ ಅರ್ಥವಿದೆ: ಗೇನ್ ತಗ್ಗಿಸಿ, ಗಟ್ಟಿ ಮಾತೂ ಮೀಟರಿನಲ್ಲಿ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ನಿಲ್ಲುವಂತೆ ರೆಕಾರ್ಡ್ ಮಾಡಿದರೂ ಧ್ವನಿ ಕೆಡುವುದಿಲ್ಲ, ಏರುದನಿ ಒಡೆಯುವ ಭಯವೂ ಇಲ್ಲ. ನಂಬದವರು ಒಂದೇ ಪ್ಯಾರಾವನ್ನು 48ರಲ್ಲಿ ಒಂದು ಗೇಣು ದೂರದಿಂದ, 192ರಲ್ಲಿ ಅಷ್ಟೇ ದೂರದಿಂದ, ಮತ್ತೆ 48ರಲ್ಲಿ ನಾಲ್ಕು ಗೇಣು ದೂರದಿಂದ ಓದಿ ರೆಕಾರ್ಡ್ ಮಾಡಲಿ. ಮೂರರ ಗಟ್ಟಿತನವನ್ನೂ ಸಮ ಮಾಡಿ, ಯಾವುದು ಯಾವುದೆಂದು ಹೇಳದೆ ಮನೆಯವರ ಕೈಯಲ್ಲಿ ಹಾಕಿಸಿ ಕೇಳಲಿ.