ಹಳೆಯ ನಾದದ ಬೆನ್ನುಹತ್ತಿ

ಬರ್ಮಿಂಗ್‌ಹ್ಯಾಮ್‌ಗೆ ಬಂದ ಹೊಸತರಲ್ಲಿ ಕೊಂಡ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಅಬ್ಬರದ ಪಿಕಪ್ ಹಾಕಿಸಿ, ಅದರ ಸ್ವರ ಕೆಡಿಸಿದವನು ನಾನೇ. ಈಗ 1950ರ ದಶಕದ ಆ ಗಂಟೆನಾದ ಮರಳಿ ಬೇಕೆನಿಸಿದೆ. ಅಲ್ನಿಕೊ 5 ಅಯಸ್ಕಾಂತ, ಫಾರ್ಮ್‌ವಾರ್ ಲೇಪಿತ 42 ಗೇಜಿನ ತಾಮ್ರದ ತಂತಿ, ಸುಮಾರು 6 ಕಿಲೋಓಮ್ ರೋಧ, ಇಷ್ಟನ್ನು ಹೊಂದಿಸಬಹುದು. ತಂತಿಯ ಸುತ್ತು ಹೆಚ್ಚಿದಷ್ಟೂ ಧ್ವನಿ ದೊಡ್ಡದಾಗುತ್ತದೆ, ಮೇಲಿನ ಹೊಳಪು ಮಾಸುತ್ತದೆ. ನನ್ನ ಹಳೆಯ ತಪ್ಪು ಅದೇ.

ತೊಡಕಿರುವುದು ಕಿವಿಯಲ್ಲಿ. ವಯಸ್ಸು ಮೊದಲು ಕಸಿಯುವುದು ಎತ್ತರದ ಕಂಪನಗಳನ್ನೇ ಎಂದು ರೋಗಿಗಳಿಗೆ ಹೇಳುತ್ತಿದ್ದವನ ಶ್ರವಣಪರೀಕ್ಷೆಯ ಗೆರೆಯೂ 4000 ಹರ್ಟ್ಸ್‌ನಾಚೆ ಇಳಿದಿದೆ. ಎರಡು ಸೆಟ್ ಪಿಕಪ್ ತರಿಸಿ, ಒಂದಾದ ಮೇಲೊಂದು ಕೂರಿಸಿ ನುಡಿಸಿದೆ. ನನಗೆ ಎರಡೂ ಒಂದೇ. ಕಣ್ಣುಮುಚ್ಚಿ ಕೇಳಿದ ಮಗಳು ಎರಡನೆಯದೆಂದಳು. ಅದನ್ನೇ ಉಳಿಸಿಕೊಂಡೆ.