ಶಾಸ್ತ್ರದಾನದ ಅರ್ಥವ್ಯಾಪ್ತಿ: ಅತ್ತಿಮಬ್ಬೆಯ ಸಾವಿರ ಪ್ರತಿಗಳು

ಪ್ರಾಚೀನ ಕನ್ನಡ ಸಾಹಿತ್ಯದ ಪೋಷಣೆಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಕವಿ ಮತ್ತು ಆಶ್ರಯದಾತ ಎಂಬ ಜೋಡಿಯ ಸುತ್ತಲೇ ನಡೆಯುತ್ತದೆ. ಕಾವ್ಯ ರಚಿತವಾಯಿತು, ಕವಿಗೆ ಬಿರುದು ಸಂದಿತು ಎಂಬಲ್ಲಿಗೆ ಪೋಷಣೆಯ ಕಥೆ ಮುಗಿದಂತೆ ನಾವು ಭಾವಿಸುತ್ತೇವೆ. ಆದರೆ ರಚಿತವಾದ ಕಾವ್ಯ ಉಳಿಯಬೇಕಾದರೆ ಅದನ್ನು ಪ್ರತಿ ಮಾಡಿಸುವವರು ಬೇಕು. ಕವಿಯನ್ನು ಪೋಷಿಸುವುದು ಮತ್ತು ಕೃತಿಯನ್ನು ಪ್ರಸಾರ ಮಾಡುವುದು ಬೇರೆ ಬೇರೆ ಕಾರ್ಯಗಳು. ಇವೆರಡನ್ನೂ ಮಾಡಿದ ಅತ್ತಿಮಬ್ಬೆಯ ನಿದರ್ಶನದ ಮೂಲಕ ಶಾಸ್ತ್ರದಾನವೆಂಬ ಪರಿಕಲ್ಪನೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಜೈನ ಶ್ರಾವಕಾಚಾರವು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಹೇಳುತ್ತದೆ. ಇವುಗಳಲ್ಲಿ ಶಾಸ್ತ್ರದಾನದ ಸ್ವರೂಪ ವಿಶಿಷ್ಟವಾದುದು. ಅನ್ನ ಉಂಡವನಲ್ಲಿಗೆ, ಔಷಧ ಕುಡಿದವನಲ್ಲಿಗೆ ಮುಗಿಯುತ್ತದೆ. ಗ್ರಂಥವಾದರೋ ಪಡೆದವನಿಂದ ಕೇಳುಗನಿಗೆ, ಕೇಳುಗನಿಂದ ಇನ್ನೊಬ್ಬ ಲಿಪಿಕಾರನಿಗೆ ಸಾಗುತ್ತದೆ. ದಾನಿ ಸ್ವತಃ ಪಂಡಿತನಾಗಿರಬೇಕೆಂಬ ನಿಯಮವೂ ಇಲ್ಲಿಲ್ಲ. ಒಬ್ಬರ ಧನ ಮತ್ತು ಇನ್ನೊಬ್ಬರ ವಿದ್ಯೆ ಕೂಡಿ ಮೂರನೆಯವರಿಗೆ ಒದಗುವುದೇ ಇದರ ಕ್ರಮ.

ಅತ್ತಿಮಬ್ಬೆಯ ತಂದೆ ಮಲ್ಲಪ. ಈತನೂ ಇವನ ಸೋದರ ಪುನ್ನಮಯ್ಯನೂ ಪೊನ್ನನಿಂದ ‘ಶಾಂತಿಪುರಾಣ’ವನ್ನು ಬರೆಯಿಸಿದವರು. ಪೊನ್ನನು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕವಿ. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಮರುವರ್ಷವೇ ಇಮ್ಮಡಿ ತೈಲಪನು ಚಾಲುಕ್ಯರ ಆಳ್ವಿಕೆಯನ್ನು ಮರಳಿ ಸ್ಥಾಪಿಸಿದನು. ಅತ್ತಿಮಬ್ಬೆಯ ಪತಿ ನಾಗದೇವನು ಈ ಹೊಸ ರಾಜ್ಯದ ದಂಡನಾಯಕ. ಅಂದರೆ ಶಾಂತಿಪುರಾಣವು ಹುಟ್ಟಿದ ರಾಜಾಶ್ರಯದ ವ್ಯವಸ್ಥೆ ಅವಳ ಕಣ್ಣೆದುರಿಗೇ ಕುಸಿದುಹೋಗಿತ್ತು. ಆ ಕಾವ್ಯದ ಸಾವಿರ ಪ್ರತಿಗಳನ್ನು ಅವಳು ಬರೆಯಿಸಿ ಹಂಚಿದಳೆಂಬುದು ಸಾಹಿತ್ಯಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಅದನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಆಸರೆ ತಪ್ಪಿದ ಕೃತಿಯೊಂದಕ್ಕೆ ಓದುಗರ ಆಸರೆಯನ್ನು ಕಟ್ಟಿಕೊಟ್ಟ ಕಾರ್ಯವಾಗಿ ಅದು ತೋರುತ್ತದೆ.

ಸಾವಿರವೆಂಬುದನ್ನು ಸ್ಥೂಲಸಂಖ್ಯೆಯೆಂದು ಗ್ರಹಿಸಿದರೂ ಉದ್ಯಮದ ಗಾತ್ರ ಸಣ್ಣದಲ್ಲ. ತಾಳೆಗರಿಯನ್ನು ಹದಮಾಡಿ, ಕಂಟದಿಂದ ಅಕ್ಷರಗಳನ್ನು ಕೊರೆದು, ಮಸಿ ತೊಡೆದು, ದಾರ ಪೋಣಿಸಿ ಕಟ್ಟಬೇಕು. ಒಬ್ಬ ಲಿಪಿಕಾರನು ತಿಂಗಳಿಗೊಂದು ಪ್ರತಿಯನ್ನು ಮುಗಿಸುವನೆಂದು ಭಾವಿಸಿದರೆ ಸಾವಿರ ಪ್ರತಿಗಳಿಗೆ ಎಂಬತ್ತಮೂರು ವರ್ಷ ಹಿಡಿಯುತ್ತದೆ. ಆದುದರಿಂದ ಹಲವು ಲಿಪಿಕಾರರಿಗೆ ದೀರ್ಘಕಾಲ ಜೀವನೋಪಾಯ ಒದಗಿರಲೇಬೇಕು. ಈ ದಾನದ ಮೊದಲ ಫಲಾನುಭವಿಗಳು ಓದುಗರಲ್ಲ, ಬರೆಯುವವರು.

ಇಲ್ಲಿ ಕುಲಕೀರ್ತಿಯ ಅಂಶವೇ ಇಲ್ಲವೆನ್ನಲಾಗದು. ಪ್ರತಿಯೊಂದು ಪ್ರತಿಯೊಡನೆ ತಂದೆಯ ಹೆಸರೂ ಹರಡುತ್ತಿತ್ತು. ಆದರೆ ಅತ್ತಿಮಬ್ಬೆಯ ಔದಾರ್ಯ ಮನೆತನದ ಗಡಿಯೊಳಗೆ ನಿಲ್ಲಲಿಲ್ಲ. 993ರಲ್ಲಿ ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದಳು, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದಳು, ಅಲ್ಲಿಯ 1007ರ ಶಾಸನ ಅವಳ ದಾನಗಳನ್ನು ದಾಖಲಿಸಿದೆ. ರನ್ನನು ಮುದುವೊಳಲಿನ ಬಳೆಗಾರರ ಮನೆಯ ಮಗ. ಅಜಿತಸೇನಾಚಾರ್ಯರ ವಿದ್ಯೆ, ಚಾವುಂಡರಾಯನ ನೆರವು, ಅತ್ತಿಮಬ್ಬೆಯ ಆಶ್ರಯ ಇವು ಒಂದರ ಹಿಂದೊಂದು ದೊರೆಯದಿದ್ದರೆ ಆತನ ಪ್ರತಿಭೆಗೆ ದಾರಿ ಸಿಗುವುದು ಕಷ್ಟವಿತ್ತು. ತನ್ನ ಮಕ್ಕಳಿಗೆ ರಾಯ, ಅತ್ತಿಮಬ್ಬೆ ಎಂದು ಹೆಸರಿಟ್ಟು ಆತ ಆ ಋಣವನ್ನು ನೆನೆದನು.

ಪ್ರತಿಗಳ ಬಹುತ್ವ ಏಕೆ ಮುಖ್ಯವೆಂಬುದನ್ನು ಮೂಡಬಿದಿರೆಯ ಉದಾಹರಣೆ ತಿಳಿಸುತ್ತದೆ. ‘ಮಹಾಬಂಧ’ದ ಹಸ್ತಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗೆ ದಾನಮಾಡಿದವಳು ಮಲ್ಲಿಕಬ್ಬೆ ಎಂಬ ಶ್ರಾವಕಿ. ಅದೂ ಧವಲಾ, ಜಯಧವಲಾ ಟೀಕೆಗಳ ಪ್ರತಿಗಳೂ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿತವಾದವು. ಆದರೆ ಅವು ಅಧ್ಯಯನಕ್ಕಿಂತ ದರ್ಶನದ ವಸ್ತುಗಳಾಗಿಯೇ ಉಳಿದವು. ಪ್ರತಿ ಮಾಡುವ ಕಾರ್ಯ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಆರಂಭವಾಯಿತು. ಹೀರಾಲಾಲ ಜೈನರ ಸಂಪಾದನೆಯಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಹೊರಬಂದಿತು. ರಕ್ಷಣೆಯಿಂದ ಗ್ರಂಥ ಉಳಿಯಿತು, ನಿಜ. ಪ್ರಸಾರವಿಲ್ಲದೆ ಅದರ ಜ್ಞಾನ ಮಾತ್ರ ಬಹುಕಾಲ ಓದುಗರಿಗೆ ದೂರವಾಗಿತ್ತು.

ಧನ ಮತ್ತು ವಿದ್ಯೆಗಳ ಇಂಥ ಸಂಯೋಗಕ್ಕೆ ನಮ್ಮ ಕಾಲದ ನಿದರ್ಶನವೊಂದು ಅಮೆರಿಕದ ಪೂರ್ವತೀರದಲ್ಲಿದೆ. ರೋಹನ್ ಮೂರ್ತಿಯವರು 2010ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ನೀಡಿದ 52 ಲಕ್ಷ ಡಾಲರುಗಳ ದತ್ತಿಯಿಂದ ಮೂರ್ತಿ ಕ್ಲಾಸಿಕಲ್ ಲೈಬ್ರರಿ ಗ್ರಂಥಮಾಲೆ ರೂಪುಗೊಂಡಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಷೆಲ್ಡನ್ ಪೊಲಾಕ್ ಅದರ ಪ್ರಧಾನ ಸಂಪಾದಕರಾದರು. ಮೊದಲ ಐದು ಸಂಪುಟಗಳು 2015ರಲ್ಲಿ ಪ್ರಕಟವಾದವು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವು ವನಮಾಲಾ ವಿಶ್ವನಾಥ ಅವರ ಇಂಗ್ಲಿಷ್ ಅನುವಾದದೊಡನೆ 2017ರಲ್ಲಿ ಬಂದಿತು. ಎದುರುಬದುರು ಪುಟಗಳಲ್ಲಿ ಕನ್ನಡ ಮೂಲವೂ ಇರುವುದು ಗಮನಾರ್ಹ. ಪೊಲಾಕ್ ಅವರು ಹಳಗನ್ನಡವನ್ನು ಓದಿದ್ದು ಟಿ.ವಿ. ವೆಂಕಟಾಚಲ ಶಾಸ್ತ್ರಿಗಳ ಬಳಿಯಲ್ಲಿ. ದತ್ತಿಯ ಮೊತ್ತ ಲೆಕ್ಕಕ್ಕೆ ಸಿಗುತ್ತದೆ. ಅಂಥ ವಿದ್ಯಾದಾನಕ್ಕೆ ಲೆಕ್ಕವಿಲ್ಲ.

ಇಂದು ನ್ಯೂಯಾರ್ಕ್–ನ್ಯೂಜೆರ್ಸಿ ಪರಿಸರದಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಿಗೆ ಆರ್ಥಿಕ ಅನುಕೂಲವಿದೆ, ಕೊಡುವ ಮನಸ್ಸೂ ಇದೆ. ಆದರೆ ಕೊಡುಗೆ ಬಹುಮಟ್ಟಿಗೆ ಉತ್ಸವಗಳಿಗೂ ಕಟ್ಟಡಗಳಿಗೂ ಹರಿಯುತ್ತದೆ. ಅತ್ತಿಮಬ್ಬೆಯೂ ಬಸದಿಯನ್ನು ಕಟ್ಟಿಸಿದವಳೇ. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಮರುಮುದ್ರಣ ಕಾಣದ ಶಾಸ್ತ್ರೀಯ ಆವೃತ್ತಿಗಳು, ಇನ್ನೂ ಛಾಯಾಪ್ರತಿಯಾಗದ ತಾಳೆಗರಿಯ ಕಟ್ಟುಗಳು, ಹಳೆಯ ಲಿಪಿಯನ್ನು ಓದಲು ಕಲಿಯಬೇಕೆನ್ನುವ ತರುಣರ ವಿದ್ಯಾರ್ಥಿವೇತನ ಇವೇ ಇಂದಿನ ಶಾಸ್ತ್ರದಾನದ ಕ್ಷೇತ್ರಗಳು. ಹಣವಿಲ್ಲದೆ ಹಳಗನ್ನಡ ಬಲ್ಲವರು ವಾರಕ್ಕೊಂದು ಗಂಟೆ ಪಾಠ ಹೇಳಿದರೆ ಅದೂ ಶಾಸ್ತ್ರದಾನವೇ. ಹೊಸ ಕೃತಿಯ ಅಂಕಿತಕ್ಕೆ ದಾನಿಗಳು ಎಂದಾದರೂ ದೊರೆತಾರು. ಹಳೆಯ ಕೃತಿಯ ಇನ್ನೊಂದು ಪ್ರತಿಗೆ ಹಣ ಕೊಡುವವರು ಎಲ್ಲ ಕಾಲದಲ್ಲಿಯೂ ವಿರಳ. ಅತ್ತಿಮಬ್ಬೆಯ ಹಿರಿಮೆಯನ್ನು ಅಳೆಯಬೇಕಾದುದು ಆ ವಿರಳತೆಯಿಂದ.