ಬ್ರೇಕಿನ ಪೆಡಲಿನ ಮೆತುತನ: ಒಂದು ಕಾರಣವಿಚಾರ

ರಾಯಚೂರು ಜಿಲ್ಲೆಯ ಬಾಗಲವಾಡದಂತಹ ಗ್ರಾಮಗಳಿಂದ ಹತ್ತಿಯನ್ನೂ ಭತ್ತವನ್ನೂ ಪೇಟೆಗೆ ಸಾಗಿಸುವ ಕಾರ್ಯದಲ್ಲಿ ಇಂದು ಸಣ್ಣ ಸರಕುಮೋಟಾರುಗಳ ಪಾಲು ದೊಡ್ಡದು. ಇಂತಹ ವಾಹನದ ಸವೆದ ಬ್ರೇಕುಗಳನ್ನು ತೆಗೆದು ಹೊಸವನ್ನು ಜೋಡಿಸಿದ ಮೇಲೆ, ಪೆಡಲು ಬಿಗಿಯಾಗುವುದಕ್ಕೆ ಬದಲಾಗಿ ಮೆತ್ತಗಾಗಿ ಕೆಳಕ್ಕಿಳಿಯುವುದುಂಟು. ಹೊಸ ಭಾಗಗಳು ಹೊಂದಿಕೊಳ್ಳುವವರೆಗೆ ಹೀಗೆಯೇ ಎಂದು ಸಮಾಧಾನ ತಂದುಕೊಂಡು ಹೊರಡುವುದು ಅನರ್ಥಕ್ಕೆ ಎಡೆಗೊಡುತ್ತದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದೆಂದು ತೋರಬಹುದು. ಆದರೆ ಕುರುಹುಗಳಿಂದ ಕಾರಣವನ್ನು ನಿರ್ಣಯಿಸುವ ಕ್ರಮ ಎರಡು ಕಡೆಗಳಲ್ಲಿಯೂ ಒಂದೇ.

ಮೊದಲಿನ ಮೋಟಾರುಗಳಲ್ಲಿ ಕಾಲಿನ ಬಲವು ಸರಳು, ತಂತಿಗಳ ಮೂಲಕ ಗಾಲಿಗೆ ಮುಟ್ಟುತ್ತಿತ್ತು. ಮುಚ್ಚಿದ ಪಾತ್ರೆಯಲ್ಲಿನ ದ್ರವದ ಮೇಲೆ ಹೇರಿದ ಒತ್ತಡವು ಎಲ್ಲ ದಿಕ್ಕಿಗೂ ಸಮವಾಗಿ ಹರಡುತ್ತದೆಂಬ ಪ್ಯಾಸ್ಕಲನ ತತ್ತ್ವವು 1663ರಲ್ಲಿಯೇ, ಆತನ ಮರಣಾನಂತರ ಪ್ರಕಟವಾದ ಗ್ರಂಥದಲ್ಲಿ ಬೆಳಕು ಕಂಡಿತ್ತು; ಅದು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ಬ್ರೇಕಿಗೆ ಬಂದದ್ದು 1921ರಲ್ಲಿ. ರಾಯಚೂರು ಅಂದು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ 1932ರಲ್ಲಿ 27 ಬಸ್ಸುಗಳೊಡನೆ ಸರ್ಕಾರಿ ರಸ್ತೆ ಸಾರಿಗೆ ಆರಂಭವಾದಾಗಲೂ ಫೋರ್ಡ್ ಕಾರುಗಳು ಹಳೆಯ ಪದ್ಧತಿಯನ್ನು ಬಿಟ್ಟಿರಲಿಲ್ಲ. ಅವು ದ್ರವಬ್ರೇಕನ್ನು ಸ್ವೀಕರಿಸಿದ್ದು 1939ರ ಮಾದರಿಗಳಲ್ಲಿ.

ಈ ಬದಲಾವಣೆಯೊಡನೆ ಹೊಸ ದೋಷವೊಂದೂ ಬಂದಿತು. ದ್ರವವು ಒತ್ತಿದರೆ ಕುಗ್ಗುವುದಿಲ್ಲವೆಂದೇ ಹೇಳಬಹುದು, ವಾಯು ಕುಗ್ಗುತ್ತದೆ. ದುರಸ್ತಿಯ ಕಾಲದಲ್ಲಿ ಕೊಳವೆಯನ್ನು ಬಿಚ್ಚಿದರೆ, ಇಲ್ಲವೆ ದ್ರವದ ಡಬ್ಬಿ ಬರಿದಾದರೆ, ಗಾಳಿ ಒಳಸೇರುತ್ತದೆ. ಆಗ ಚಾಲಕನ ಬಲವು ಗಾಲಿಯನ್ನು ತಡೆಯುವ ಮೊದಲು ಗುಳ್ಳೆಗಳನ್ನು ಕುಗ್ಗಿಸುವುದರಲ್ಲಿ ವ್ಯಯವಾಗುತ್ತದೆ.

ಆದರೆ ಮೆತುತನಗಳೆಲ್ಲ ಒಂದೇ ಬಗೆಯವಲ್ಲ. ವಾಹನವನ್ನು ನಿಲ್ಲಿಸಿ, ಎಂಜಿನನ್ನು ಆರಿಸಿ ಪೆಡಲನ್ನು ಪರೀಕ್ಷಿಸಬೇಕು. ಅದು ಸ್ಪಂಜಿನಂತೆ ಅದುಮಿ ಮರಳಿದರೆ ವಾಯುವೇ ಮೊದಲ ಶಂಕೆ; ಹಳೆಯ ರಬ್ಬರು ಕೊಳವೆ ಉಬ್ಬಿದರೂ ಹೀಗಾಗಬಹುದು. ಬಹಳ ಕೆಳಗಿಳಿದು ಅಲ್ಲಿ ಗಟ್ಟಿಯಾಗಿ ನಿಂತರೆ, ಡ್ರಮ್ಮಿಗೂ ಶೂಗಳಿಗೂ ನಡುವಣ ಅಂತರ ಹೆಚ್ಚಿದೆಯೆಂದು ತಿಳಿಯಬೇಕು. ಒತ್ತಿ ಹಿಡಿದಂತೆಯೇ ಮೆಲ್ಲಮೆಲ್ಲನೆ ಕುಸಿದರೆ, ಎಲ್ಲಿಯೋ ದ್ರವ ಸೋರುತ್ತಿದೆ. ಹೊರಗೆ ತೇವ ಕಾಣದಿದ್ದರೆ ಪ್ರಧಾನ ಸಿಲಿಂಡರಿನ ಒಳಗಣ ರಬ್ಬರು ಸೋತಿರಬೇಕು. ಎಂಜಿನು ಚಾಲೂ ಆದೊಡನೆ ಪೆಡಲು ತುಸು ಇಳಿಯುವುದು ಮಾತ್ರ ಬಲವರ್ಧಕದ ಸಹಜ ಕ್ರಿಯೆ.

ಇಲ್ಲಿ ಅತ್ಯಂತ ವಂಚಕವಾದ ಕುರುಹೆಂದರೆ, ನಾಲ್ಕಾರು ಬಾರಿ ತುಳಿದ ಮೇಲೆ ಬರುವ ಬಿಗಿ. ಹೊಸ ಪ್ಯಾಡುಗಳಿಗೆ ಎಡೆಮಾಡಲು ಹಿಂದಕ್ಕೆ ತಳ್ಳಿದ ಪಿಸ್ಟನುಗಳು ಸ್ವಸ್ಥಾನಕ್ಕೆ ಬರಲು ಒಮ್ಮೆ ಹೀಗೆ ತುಳಿಯುವುದು ಅವಶ್ಯವೇ ಸರಿ. ಕಾಲು ತೆಗೆದು ಸ್ವಲ್ಪ ಕಾಲ ಕಳೆದ ಬಳಿಕ ಮೆತುತನ ಮತ್ತೆ ತೋರಿದರೆ ದೋಷ ಉಳಿದಿದೆಯೆಂದೇ ಅರ್ಥ. ದಾರಿಗೆ ದನವೋ ಮಗುವೋ ಅಡ್ಡ ಬಂದಾಗ ಚಾಲಕನಿಗೆ ದೊರೆಯುವುದು ಮೊದಲ ತುಳಿತವೊಂದೇ.

ಗಾಳಿಯನ್ನು ಹೊರಗೆಡಹುವ ಕ್ರಮ ಹೀಗಿದೆ. ಒಬ್ಬನು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬನು ಗಾಲಿಯ ಬಳಿಯ ಬ್ಲೀಡರ್ ತಿರುಪನ್ನು ಸಡಿಲಿಸಿ, ಪೆಡಲು ಮೇಲೇಳುವ ಮುನ್ನವೇ ಬಿಗಿಯಬೇಕು. ಗುಳ್ಳೆಗಳು ನಿಲ್ಲುವವರೆಗೆ, ಡಬ್ಬಿ ಬರಿದಾಗಗೊಡದೆ, ತಯಾರಕರು ಹೇಳಿದ ಗಾಲಿಗಳ ಅನುಕ್ರಮದಲ್ಲಿ ಇದನ್ನು ನಡೆಸತಕ್ಕದ್ದು. ಎಡಬಲದ ಕ್ಯಾಲಿಪರುಗಳು ಅದಲುಬದಲಾದರೆ ತಿರುಪು ಕೆಳಗಾಗಿ, ಮೇಲೆ ನಿಂತ ಗಾಳಿ ಎಷ್ಟು ಯತ್ನಿಸಿದರೂ ಹೊರಡುವುದಿಲ್ಲ. ಹಳೆಯ ಸಿಲಿಂಡರಿದ್ದಲ್ಲಿ ಪೆಡಲನ್ನು ತಳಮುಟ್ಟ ತುಳಿಯಬಾರದು. ತುಕ್ಕು ಹಿಡಿದ ಭಾಗದ ಮೇಲೆ ಹಾಯ್ದು ರಬ್ಬರು ಹರಿಯಬಹುದು.

ಬ್ರೇಕಿನ ದ್ರವವು ತೇವವನ್ನು ಹೀರುವ ಗುಣವುಳ್ಳದ್ದು. ಡಾಟ್ 3 ವರ್ಗದ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವಗೊಂಡದ್ದಕ್ಕೆ ನಿಯಮವು ಕೇಳುವುದು 140 ಮಾತ್ರ. ಬೇಸಿಗೆಯಲ್ಲಿ, ಭಾರ ಹೊತ್ತು, ಮೇಲಿಂದ ಮೇಲೆ ಬ್ರೇಕು ಹಾಕುವ ವಾಹನದಲ್ಲಿ ಹಳೆಯ ದ್ರವ ಕುದಿದು ಆವಿಯಾದರೆ, ಮುಂಜಾನೆ ಗಟ್ಟಿಯಾಗಿದ್ದ ಪೆಡಲು ಮಧ್ಯಾಹ್ನ ಮೆತ್ತಗಾದೀತು. ಆದುದರಿಂದ ಪ್ಯಾಡುಗಳೊಡನೆ ದ್ರವದ ವಯಸ್ಸನ್ನೂ ವಿಚಾರಿಸುವುದು ಯುಕ್ತ.

ಮೊದಲ ತುಳಿತಕ್ಕೇ ಪೆಡಲು ಎತ್ತರದಲ್ಲಿ ಬಿಗಿಯಾಗಿ ನಿಂತು, ಖಾಲಿ ವಾಹನವು ಸಮತಟ್ಟಾದ ಬಯಲಿನಲ್ಲಿ ನಡಿಗೆಯ ವೇಗದಿಂದ ನೆಟ್ಟಗೆ ನಿಂತ ಮೇಲೆಯೇ ಅದಕ್ಕೆ ಹೊರೆ ಹೇರತಕ್ಕದ್ದು.